ಯತೀಶನ ಕಂಪ್ಯೂಟರ್ ಕೇಂದ್ರವೂ ತಾಂಡೇಲರ ಗುಟ್ಟೂ

ಗಂಗೊಳ್ಳಿ ಬಂದರಿನಲ್ಲಿ ಯತೀಶನಿಂದ ಬೈಸಿಕೊಳ್ಳದ ಗಂಡಸು ಸಿಗುವುದು ಕಷ್ಟ. ಮಂಜುಗಡ್ಡೆ ಕಾರ್ಖಾನೆಯ ಪಕ್ಕದ ಓಣಿಯಲ್ಲಿ ಅವನದೊಂದು ಅಂಗಡಿ. ಬೋಟುಗಳ ವೈರ್‌ಲೆಸ್ಸು, ನೀರಿನಡಿಯ ಮೀನು ತೋರಿಸುವ ಯಂತ್ರ, ದಾರಿ ತೋರಿಸುವ ಜಿಪಿಎಸ್ಸು, ಇವುಗಳ ರಿಪೇರಿ ಅಲ್ಲಿ ನಡೆಯುತ್ತದೆ. ಬಂದವರಿಗೆ ಕೂತುಕೊಳ್ಳಿ ಎನ್ನುವ ಪದ್ಧತಿ ಅಲ್ಲಿಲ್ಲ, ಕೂರುವುದಕ್ಕೆ ಇನ್ನೊಂದು ಸ್ಟೂಲೂ ಇಲ್ಲ. ಕೆಟ್ಟ ಯಂತ್ರವನ್ನು ಮೇಜಿನ ಮೇಲೆ ಇಟ್ಟವನಿಗೆ ಮೊದಲು ಸಿಗುವುದು ಮಂಗಳಾರತಿ.

"ಎಂತ ಮಾರಾಯ, ಇದ್ನ್ ಉಪ್ಪಿನಕಾಯಿ ಹಾಕಿ ಇಟ್ಟಿದ್ಯಾ? ಒಳಗೆ ಉಪ್ಪ್ ಹ್ಯಾಂಗೆ ಕುಂತಿತ್ತ್ ಕಾಣ್!"

ಬೈಸಿಕೊಂಡವರು ಹಲ್ಲು ಕಿರಿಯುತ್ತ ನಿಲ್ಲುತ್ತಿದ್ದರು. ಬೇರೆ ದಾರಿ ಇರಲಿಲ್ಲ. ಮಲ್ಪೆಯ ತನಕ ಹೊತ್ತುಕೊಂಡು ಹೋದರೂ ಅವನಷ್ಟು ಚೆನ್ನಾಗಿ ಮಾಡಿಕೊಡುವವರು ಇಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಯತೀಶನಿಗೆ ಅದು ಇನ್ನೂ ಚೆನ್ನಾಗಿ ಗೊತ್ತಿತ್ತು. ಮೀಸೆ ಮೂಡುವ ಹೊತ್ತಿಗೆ ಮುಂಬೈಗೆ ಹೋದವನು, ಊರಿನ ಉಳಿದವರ ಹಾಗೆ ಹೋಟೆಲಿನಲ್ಲಿ ತಟ್ಟೆ ಎತ್ತದೆ, ಭಾವುಚಾ ಧಕ್ಕಾ ಎಂಬ ಮೀನು ಬಂದರಿನ ಹತ್ತಿರ ಒಂದು ಅಂಗಡಿಯಲ್ಲಿ ಕೂತು ಬೋಟಿನ ಯಂತ್ರಗಳನ್ನು ಬಿಚ್ಚಿ ಕಟ್ಟುವುದನ್ನು ಕಲಿತಿದ್ದ. ಊರಿಗೆ ಮರಳಿ, ಒಣಮೀನಿನ ವ್ಯಾಪಾರದ ಮನೆಯ ಚೇತನಾಳನ್ನು ಮದುವೆಯಾಗಿ ಅಂಗಡಿ ತೆರೆದ. ಅಂದಿನಿಂದ ಇಂದಿನವರೆಗೆ ಊರಿನವರ ಬಗ್ಗೆ ಅವನಿಗಿದ್ದದ್ದು ಒಂದೇ ಅಭಿಪ್ರಾಯ, ಇವರಿಗೆ ತಲೆ ಇರುವುದು ಟೊಪ್ಪಿ ಇಡಲಿಕ್ಕೆ ಎಂದು. ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವ ಜಾಯಮಾನವೂ ಅವನದಲ್ಲ.

ಬಿಚ್ಚಿ ನೋಡಲಾಗದ ವಸ್ತು ಅವನಿಗೆ ಆಗುತ್ತಿರಲಿಲ್ಲ. ಕಂಪನಿಯವರು ಅಂಟು ಹಾಕಿ ಮುಚ್ಚಿದ ಯಂತ್ರ ಬಂದರೆ ಆ ಕಂಪನಿಯವರ ಏಳು ತಲೆಮಾರಿಗೂ ಬೈಗುಳ ಸಂದಾಯವಾಗುತ್ತಿತ್ತು. ಹಾಗಾಗಿ ಕುಂದಾಪುರದ ಕಾಲೇಜಿನ ಮೇಷ್ಟ್ರೊಬ್ಬರು ಪೆನ್ ಡ್ರೈವಿನಲ್ಲಿ ಲಿನಕ್ಸ್ ಎಂಬ ತಂತ್ರಾಂಶ ಕೊಟ್ಟು, ಇದರ ಒಳಗನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಬೇರೆಯವರಿಗೂ ಕೊಡಬಹುದು ಎಂದಾಗ ಯತೀಶ ಜೀವನದಲ್ಲಿ ಮೊದಲ ಬಾರಿಗೆ ಯಾರನ್ನೂ ಬೈಯದೆ ಒಂದು ಮಧ್ಯಾಹ್ನ ಕಳೆದ. ಬಿಟ್ಟಿ ಸಿಕ್ಕಿತು ಎಂಬ ಸಂತೋಷವಲ್ಲ. ಬಿಟ್ಟಿ ಎಂದರೆ ಅವನಿಗೆ ಅಸಹ್ಯ. ಯಾರೋ ಒಬ್ಬರು ಏನನ್ನೂ ಮುಚ್ಚಿಡದೆ ಕೆಲಸ ಮಾಡಿ, ತಗೊಳ್ಳಿ ಎಂದು ಲೋಕದ ಮುಂದೆ ಇಟ್ಟಿದ್ದಾರಲ್ಲ, ಅದು ಅವನಿಗೆ ಹಿಡಿಸಿತು. ಇಂಥ ಮನುಷ್ಯರು ಎಲ್ಲೋ ಇದ್ದಾರೆ, ಗಂಗೊಳ್ಳಿಯಲ್ಲಂತೂ ಇಲ್ಲ ಎಂದು ಚೇತನಾಳಿಗೆ ಹೇಳಿದ.

ಕಂಪ್ಯೂಟರ್ ಕೇಂದ್ರದ ಯೋಚನೆ ಹುಟ್ಟಿದ್ದೂ ಊರಿನ ಮೇಲಿನ ಪ್ರೀತಿಯಿಂದಲ್ಲ, ಸಿಟ್ಟಿನಿಂದ. ಕೈಯಲ್ಲಿ ಹೊಳೆಯುವ ಮೊಬೈಲು ಹಿಡಿದ ಹುಡುಗ ಹುಡುಗಿಯರು ಒಂದು ಅರ್ಜಿ ತುಂಬುವುದಕ್ಕೆ ಬಸ್ಸು ಹತ್ತಿ ಕುಂದಾಪುರಕ್ಕೆ ಹೋಗಿ, ಯಾವನದೋ ಅಂಗಡಿಯ ಮುಂದೆ ಕೈಕಟ್ಟಿ ನಿಲ್ಲುವುದನ್ನು ನೋಡಿ ನೋಡಿ ಅವನ ಮೈ ಉರಿದಿತ್ತು. ಕುಂದಾಪುರದ ಒಂದು ಸೊಸೈಟಿಯವರು ಹಳೆಯ ಕಂಪ್ಯೂಟರುಗಳನ್ನು ಗುಜರಿಗೆ ಹಾಕುತ್ತಾರೆಂದು ತಿಳಿದದ್ದೇ, ಮೀನಿನ ಟೆಂಪೋ ತೆಗೆದುಕೊಂಡು ಹೋಗಿ ತುಂಬಿಸಿಕೊಂಡು ಬಂದ. ಒಂದೊಂದನ್ನೇ ಬಿಚ್ಚಿ, ಒರೆಸಿ, ಸತ್ತದ್ದರ ಅಂಗ ಬದುಕಿದ್ದಕ್ಕೆ ಜೋಡಿಸಿ, ಎಲ್ಲದಕ್ಕೂ ಲಿನಕ್ಸ್ ಹಾಕಿದ, ಕನ್ನಡ ಕೂಡಿಸಿದ. ಆ ಬೇಸಿಗೆಯಲ್ಲಿ ಅಂಗಡಿಯ ಕೆಲಸ ಹಿಂದೆ ಬಿತ್ತು, ಮೇಜಿನ ಮೇಲೆ ಮೀನಿನ ವಾಸನೆಯ ಮಾನಿಟರುಗಳು ಸಾಲಾಗಿ ಕೂತವು. ಚೇತನಾ ಅವನ ಊಟವನ್ನು ಅಂಗಡಿಗೇ ತಂದುಕೊಟ್ಟಳು. ಗಂಡ ಊರಿಗಾಗಿ ಏನಾದರೂ ಬಯಸಿದ್ದು ಅದೇ ಮೊದಲು ಎಂಬುದು ಅವಳಿಗೆ ಅರ್ಥವಾಗಿತ್ತು.

ಜಾಗ ಕೊಟ್ಟವನು ರಾಜೇಂದ್ರ. ಎರಡು ಬೋಟುಗಳ ಮಾಲೀಕ, ಮೀನುಗಾರರ ಸಂಘದ ಅಧ್ಯಕ್ಷ. ಶಾಲು ಹೊದೆಸುವವರು ಎಲ್ಲಿದ್ದಾರೆಂದು ಗಾಳಿಯಲ್ಲೇ ವಾಸನೆ ಹಿಡಿಯುವ ಮನುಷ್ಯ. ಸಂಘದ ಬಲೆ ಕೊಟ್ಟಿಗೆಯ ಮೇಲೊಂದು ಕೋಣೆ ಖಾಲಿ ಇತ್ತು. ಅದನ್ನು ಕೊಟ್ಟು, ಉದ್ಘಾಟನೆಯ ಫ್ಲೆಕ್ಸಿನಲ್ಲಿ ತನ್ನ ಮುಖವನ್ನು ಕಂಪ್ಯೂಟರಿಗಿಂತ ದೊಡ್ಡದಾಗಿ ಹಾಕಿಸಿಕೊಂಡ. ಯತೀಶ ಅದನ್ನೂ ಸಹಿಸಿದ.

ಉದ್ಘಾಟನೆಗೆ ಜೂನ್ ತಿಂಗಳನ್ನೇ ಹಿಡಿದರು. ಮಳೆಗಾಲದ ಮೀನುಗಾರಿಕೆ ನಿಷೇಧವೆಂದು ಬೋಟುಗಳನ್ನೆಲ್ಲ ಹೊಳೆಯಲ್ಲಿ ಕಟ್ಟಿ ಹಾಕಿದ್ದರು, ಬೋಟು ನಡೆಸುವ ತಾಂಡೇಲರಿಗೆ ಬಿಡುವಿತ್ತು. ಎಲ್ಲರೂ ಬಂದು ಕೋಣೆ ತುಂಬ ಕೂತರು. ಯಂತ್ರಗಳನ್ನು ಸರ್ವಿಸಿಗೆ ಕೊಡುವ ತಿಂಗಳೂ ಅದೇ ಆದ್ದರಿಂದ ಅವರಲ್ಲಿ ಹೆಚ್ಚಿನವರ ಜಿಪಿಎಸ್ಸು ಆಗ ಯತೀಶನ ಅಂಗಡಿಯ ಕಪಾಟಿನಲ್ಲಿತ್ತು. ರಾಜೇಂದ್ರ ದೀಪ ಹಚ್ಚಿ, ತಾನು ಹೇಗೆ ಕನಸು ಕಂಡೆ ಎಂದು ಹೇಳಿ ಮುಗಿಸುವ ಹೊತ್ತಿಗೆ ಅರ್ಧ ಜನ ಆಕಳಿಸುತ್ತಿದ್ದರು. ಆಮೇಲೆ ಯತೀಶ ಎದ್ದ. ಭಾಷಣ ಮಾಡಿ ಅಭ್ಯಾಸವಿಲ್ಲದವನು, ಮೇಷ್ಟ್ರು ಹೇಳಿದ್ದನ್ನೇ ತನ್ನ ಮಾತಿನಲ್ಲಿ ಹೇಳಿದ.

"ಈ ಕಂಪ್ಯೂಟರಿನ ಒಳಗೆ ಇಪ್ಪುದ್ ಯಾರೊಬ್ರ ಸೊತ್ತಲ್ಲ. ಯಾರ್ ಬೇಕಾರೂ ತಕಂಬ್ಲಕ್ಕ್, ಬಿಚ್ಚಿ ಕಾಂಬ್ಲಕ್ಕ್, ನಕಲ್ ಮಾಡಿ ನಾಕ್ ಜನಕ್ಕೆ ಕೊಡ್ಲಕ್ಕ್. ಒಬ್ಬ ಕಂಡ್ಕಂಡದ್ ಎಲ್ಲರಿಗೂ ಸಿಕ್ಕತ್ತ್. ಇಲ್ಲಿ ಗುಟ್ಟ್ ಅಂಬ್ದೇ ಇಲ್ಲ."

ಚಪ್ಪಾಳೆ ಬೀಳಲಿಲ್ಲ. ತಾಂಡೇಲರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಇದರ ಕಾರಣ ತಿಳಿಯಬೇಕಾದರೆ ತಾಂಡೇಲನ ಜಿಪಿಎಸ್ಸಿನಲ್ಲಿ ಏನಿರುತ್ತದೆ ಎಂದು ತಿಳಿಯಬೇಕು. ಸಮುದ್ರದಡಿಯಲ್ಲಿ ಅಲ್ಲಲ್ಲಿ ಕಲ್ಲುಗಳಿವೆ. ಮುರು, ಕೆಂಬೇರಿಯಂಥ ಬೆಲೆಬಾಳುವ ಮೀನು ನಿಲ್ಲುವುದು ಅವುಗಳ ಬುಡದಲ್ಲಿ. ಕಲ್ಲು ಎಲ್ಲಿದೆಯೆಂದು ಬಲ್ಲವನು ಅಂಚಿಗೆ ಬಲೆ ಬಿಟ್ಟು ಮೀನು ಎತ್ತುತ್ತಾನೆ, ಅರಿಯದವನು ಹರಿದ ಬಲೆ ಎತ್ತುತ್ತಾನೆ. ಹಿಂದೆ ಕೊಡಚಾದ್ರಿಯ ತುದಿ ಯಾವ ಗುಡ್ಡದ ಮೇಲೆ ಬಂದು ನಿಂತಿತು ಎಂದು ನೋಡಿ ಗುರುತು ಇಟ್ಟುಕೊಳ್ಳುತ್ತಿದ್ದರು, ಈಗ ಜಿಪಿಎಸ್ಸಿನಲ್ಲಿ ಒತ್ತಿ ಇಟ್ಟುಕೊಳ್ಳುತ್ತಾರೆ. ಅದಕ್ಕೆ ಪಾಯಿಂಟು ಎನ್ನುತ್ತಾರೆ. ಪಾಯಿಂಟನ್ನು ಯಾರೂ ಯಾರಿಗೂ ಹೇಳುವುದಿಲ್ಲ. ಅಣ್ಣ ತಮ್ಮನಿಗೆ ಹೇಳುವುದಿಲ್ಲ, ಮಾವ ಅಳಿಯನಿಗೆ ಹೇಳುವುದಿಲ್ಲ, ಇನ್ನೊಂದು ಬೋಟು ಹತ್ತಿರ ಬಂದರೆ ಬಲೆ ಎತ್ತಿ ಬೇರೆಲ್ಲಿಗೋ ಹೋದ ಹಾಗೆ ನಟಿಸುತ್ತಾರೆ. ಅಂಥವರ ಗುಂಪಿನ ಎದುರು, ಅವರೆಲ್ಲರ ಜಿಪಿಎಸ್ಸನ್ನು ಕಪಾಟಿನಲ್ಲಿ ಇಟ್ಟುಕೊಂಡ ಮನುಷ್ಯ ಎದ್ದು ನಿಂತು, ನಕಲು ಮಾಡಿ ಎಲ್ಲರಿಗೂ ಕೊಡಬಹುದು, ಇಲ್ಲಿ ಗುಟ್ಟೇ ಇಲ್ಲ ಎಂದಿದ್ದ.

ಮೊದಲು ಅಂಗಡಿಗೆ ಬಂದವನು ಮುತ್ತು. ವಯಸ್ಸಾದ ತಾಂಡೇಲ, ಒಂದು ಸಣ್ಣ ಹಳೆಯ ಬೋಟು ಇಟ್ಟುಕೊಂಡವನು. ಊರಿಗೆಲ್ಲ ಮುತ್ತಣ್ಣ. ಮಾತು ಕಡಿಮೆ.

"ಯತೀಶ, ನನ್ ಜಿಪಿಎಸ್ ಕೊಡ್ ಮಾರಾಯ."

"ಇನ್ನೂ ಬಿಚ್ಚಲಿಲ್ಲ ಮುತ್ತಣ್ಣ."

"ಬಿಚ್ಚುದ್ ಬ್ಯಾಡ. ಇದ್ದಾಂಗೆ ಕೊಡ್."

ಯತೀಶ ಯಂತ್ರವನ್ನು ಎತ್ತಿ ಮೇಜಿನ ಮೇಲೆ ಕುಕ್ಕಿದ. ಮುತ್ತಣ್ಣ ಅದನ್ನು ಹೆಗಲ ಟವೆಲಿನಲ್ಲಿ ಸುತ್ತಿಕೊಂಡು ಹೋದ. ಅವನ ಹಿಂದೆಯೇ ಕಿಟ್ಟ ಬಂದ, ಜಿತೇಂದ್ರ ಬಂದ, ಉಳಿದ ತಾಂಡೇಲರೆಲ್ಲ ಬಂದರು. ಅಧ್ಯಕ್ಷ ರಾಜೇಂದ್ರನ ಆಳೂ ಬಂದು ಎರಡು ಬೋಟುಗಳ ಯಂತ್ರ ಒಯ್ದ. ವಾರ ಕಳೆಯುವುದರೊಳಗೆ ಕಪಾಟು ಖಾಲಿ. ಯತೀಶ ಊರಿನವರ ಪಾಯಿಂಟುಗಳನ್ನೆಲ್ಲ ಕದ್ದು ಕಂಪ್ಯೂಟರಿಗೆ ಹಾಕಿದ್ದಾನಂತೆ, ಬಲೆ ಕೊಟ್ಟಿಗೆಯ ಮೇಲೆ ಅದನ್ನೇ ಹಂಚುತ್ತಾನಂತೆ ಎಂಬ ಸುದ್ದಿ ಮಾತ್ರ ಬಂದರಿನ ತುಂಬ ಆಯಿತು. ಕಲಿಯುವುದಕ್ಕೆ ಮಕ್ಕಳನ್ನು ಯಾರೂ ಕಳಿಸಲಿಲ್ಲ. ಯತೀಶ ದಿನವೂ ಸಂಜೆ ಮೇಲೆ ಹೋಗಿ, ಎಲ್ಲ ಕಂಪ್ಯೂಟರುಗಳನ್ನೂ ಹಾಕಿ, ಖಾಲಿ ಕುರ್ಚಿಗಳ ನಡುವೆ ಕೂತು, ಆರಿಸಿ ಇಳಿದು ಬರುತ್ತಿದ್ದ.

ಸತ್ಯವೇನೆಂದರೆ ಪಾಯಿಂಟುಗಳ ನಕಲು ಅವನಲ್ಲಿ ಇತ್ತು. ರಿಪೇರಿಯ ನಡುವೆ ಯಂತ್ರ ಸತ್ತರೆ ಒಳಗಿದ್ದದ್ದೆಲ್ಲ ಹೋಗುತ್ತದೆ, ಅದಕ್ಕೆ ಬಿಚ್ಚುವ ಮೊದಲು ನಕಲು ತೆಗೆದಿಡುವುದು ಕಸುಬಿನ ಕ್ರಮ. ವರ್ಷ ವರ್ಷದ್ದೂ ಅವನ ಕಂಪ್ಯೂಟರಿನಲ್ಲಿ ಬಿದ್ದಿತ್ತು. ಅದನ್ನು ತೆರೆದು ನೋಡುವ ಕುತೂಹಲವೂ ಅವನಿಗೆ ಬಂದಿರಲಿಲ್ಲ. ಈ ಮಾತನ್ನು ಊರಿನ ಎದುರು ನೇರವಾಗಿ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೋ ಏನೋ. ಚೇತನಾಳೂ ಅದನ್ನೇ ಹೇಳಿದಳು.

"ಹ್ವಾಯ್, ಯಾರದ್ದೂ ಯಾರಿಗೂ ಕೊಡ್ಲಿಲ್ಲ, ಕೊಡುದೂ ಇಲ್ಲ ಅಂದ್ ಒಂದ್ ಮಾತ್ ಹೇಳಿರೆ ನಿಮ್ ಬಾಯಿ ಸವೀತ್ತಾ?"

"ನಾನೆಂತಕ್ಕೆ ಹೇಳ್ಕ್? ಅವ್ರಿಗೆ ಬುದ್ಧಿ ಇಲ್ದಿರೆ ಅದಕ್ಕೆ ನಾನ್ ಕಾರಣವಾ?"

ಮೂರ್ಖರಿಗೆ ಸಮಾಧಾನ ಹೇಳುವುದೆಂದರೆ ಅವರ ಮಟ್ಟಕ್ಕೆ ಇಳಿದ ಹಾಗೆ ಎಂದು ಅವನ ಲೆಕ್ಕ. ಆದರೆ ಖಾಲಿ ಕುರ್ಚಿಗಳು ಅವನನ್ನು ಒಳಗಿಂದ ತಿನ್ನುತ್ತಿದ್ದವು. ಅವನು ಆ ಕೋಣೆ ತುಂಬುವುದನ್ನು ನೋಡಬೇಕಿತ್ತು. ಅಷ್ಟು ಬಿಟ್ಟರೆ ಅವನಿಗೆ ಬೇರೇನೂ ಬೇಕಿರಲಿಲ್ಲ.

ಜುಲೈ ತಿಂಗಳ ಒಂದು ಸಂಜೆ ರಾಜೇಂದ್ರ ಏದುಸಿರು ಬಿಡುತ್ತ ಕೇಂದ್ರದ ಮೆಟ್ಟಿಲು ಹತ್ತಿ ಬಂದ. ಬಾಗಿಲು ಮುಂದೆ ಮಾಡಿದ. ಸಂಘದವರು ಜಾಗ ವಾಪಸು ಕೇಳುತ್ತಿದ್ದಾರೆ, ತಾನು ಹೇಗೋ ತಡೆದು ನಿಲ್ಲಿಸಿದ್ದೇನೆ ಎಂದು ಉಪಕಾರದ ಮಾತಿನಿಂದ ಶುರು ಮಾಡಿ, ಮಳೆಯ ಮಾತಾಡಿ, ಡೀಸೆಲಿನ ಮಾತಾಡಿ, ಕೊನೆಗೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡ.

"ಯತೀಶ, ಹ್ಯಾಂಗೂ ಊರೆಲ್ಲ ಹೇಳ್ತಾ ಇತ್ತ್. ಇತ್ತೋ ಇಲ್ಯೋ ನಂಗೆ ಬ್ಯಾಡ. ಇದ್ದಿರೆ, ಆ ಕಿಟ್ಟಂದ್ ಒಂದ್ ಕಾಂಬ್ಲಕ್ಕಾ?"

ಕಳ್ಳತನದ ಆರೋಪ ಹೊರಿಸಿದವನೇ ಕದ್ದ ಮಾಲಿನಲ್ಲಿ ಪಾಲು ಕೇಳಲು ಬಂದಿದ್ದ. ಯತೀಶ ಅವನನ್ನು ಬೈದು ಇಳಿಸಿದ. ಆದರೆ ಮೆಟ್ಟಿಲಿನ ದಾರಿ ತೆರೆದುಕೊಂಡಿತ್ತು. ಮರುದಿನ ಕಿಟ್ಟ ಬಂದ. ಕಂಪ್ಯೂಟರ್ ಕಲಿಯುವ ಆಸೆ ಎಂದು ಮೌಸನ್ನು ಮೇಜಿನ ಮೇಲೆ ಅತ್ತಿತ್ತ ಉಜ್ಜುತ್ತ ಕೂತವನು, "ಜಿತೇಂದ್ರಂದ್ ಒಂದ್ ಕಾಣ್ಸ್ ಮಾರಾಯ, ಯಾರಿಗೂ ಹೇಳುದಿಲ್ಲ" ಎಂದ. ಅವನು ಇಳಿದು ಹೋಗುತ್ತಿದ್ದ ಹಾಗೆ ಜಿತೇಂದ್ರ ಹತ್ತಿ ಬಂದ. ಅವನಿಗೆ ಕಿಟ್ಟನದ್ದು ಬೇಕಿತ್ತು. ಹೀಗೆ ಒಬ್ಬೊಬ್ಬರಾಗಿ, ಅಕ್ಕಪಕ್ಕ ನೋಡುತ್ತ, ಊರಿನ ಮಾನವಂತರೆಲ್ಲ ಬಂದು ಹೋದರು. ಯತೀಶನಿಗೆ ಹೇಸಿಗೆಯಾಯಿತು, ಜೊತೆಗೆ ಒಂಥರ ಖುಷಿಯೂ ಆಯಿತು. ಇಷ್ಟು ವರ್ಷ ತಾನು ಇವರ ಬಗ್ಗೆ ಹೇಳುತ್ತ ಬಂದದ್ದು ಎಷ್ಟು ನಿಜ ಎಂದು ಅವನ ಎದೆ ಉಬ್ಬಿತು.

ಬರದೆ ಉಳಿದವನು ಮುತ್ತಣ್ಣ ಒಬ್ಬನೇ. ಯತೀಶನಿಗೆ ಅವನ ಮೇಲೆ ಎಲ್ಲರಿಗಿಂತ ಹೆಚ್ಚು ಸಿಟ್ಟು. ಮೊದಲು ಯಂತ್ರ ಒಯ್ದು ಊರಿಗೆ ಬೆಂಕಿ ಹಚ್ಚಿದವನೇ ಅವನು. ಹಳೆಯ ಬೋಟು, ತೇಪೆ ಹಾಕಿದ ಬಲೆ, ಅದರಲ್ಲಿ ಕದಿಯುವಂಥದ್ದು ಏನಿರುತ್ತದೆ ಎಂದು ಅಂಗಡಿಗೆ ಬಂದವರೆದುರು ಹೇಳಿ ನಗುತ್ತಿದ್ದ.

ನಗುನಗುತ್ತಲೇ ಒಂದು ದಿನ ಕಿಟ್ಟನ, ಜಿತೇಂದ್ರನ, ರಾಜೇಂದ್ರನ ನಕಲುಗಳನ್ನು ತೆರೆದು, ಕೇಂದ್ರದ ಕಂಪ್ಯೂಟರಿನಲ್ಲಿದ್ದ ನಕ್ಷೆಯ ಮೇಲೆ ಒಂದರ ಮೇಲೊಂದು ಹಾಕಿ ನೋಡಿದ. ನೋಡಿದವನು ಒಬ್ಬನೇ ಗಹಗಹಿಸಿ ನಕ್ಕ. ಮೂವರ ಪಾಯಿಂಟುಗಳೂ ಒಂದೇ! ಪ್ರಾಣ ಹೋದರೂ ಬಾಯಿ ಬಿಡೆವು ಎಂದು ಇವರು ಒಬ್ಬರಿಂದೊಬ್ಬರು ಬಚ್ಚಿಟ್ಟದ್ದು ಅದೇ ಕಲ್ಲುಗಳನ್ನು. ಉಳಿದವರದ್ದನ್ನು ನೋಡುವ ಅಗತ್ಯವೂ ಅವನಿಗೆ ಕಾಣಲಿಲ್ಲ. ಇವರ ಹಣೆಬರಹ ಅಷ್ಟೇ ಎಂದು ತೀರ್ಮಾನಿಸಿ, ಬರುವ ಭಾನುವಾರ ಎಲ್ಲರ ಪಾಯಿಂಟನ್ನೂ ಎಲ್ಲರ ಎದುರಿಗೇ ತೋರಿಸುತ್ತೇನೆ, ಬೇಕಾದವರು ಬನ್ನಿ ಎಂದು ಬಂದರಿಗೆಲ್ಲ ಕೇಳುವ ಹಾಗೆ ಹೇಳಿಬಿಟ್ಟ.

ಚೇತನಾ ಅಂದು ಊಟ ಬಡಿಸುವಾಗ ಅವನ ಎದುರು ಕೂತಳು.

"ಅದ್ ನಿಮ್ದಲ್ಲ. ಕೆಲ್ಸಕ್ಕೆ ಅಂದ್ ಕೊಟ್ಟದ್. ಅವ್ರ್ ಎಷ್ಟ್ ಕೆಟ್ಟವ್ರಾದ್ರೂ ಅದ್ ನಿಮ್ದ್ ಆಪುದಿಲ್ಲ."

"ಗುಟ್ಟೇ ಅಲ್ದಿದ್ದದ್ನ್ ತೋರ್ಸಿರೆ ಯಾರಿಗೆ ನಷ್ಟ ಮಾರಾಯ್ತಿ? ಒಂದ್ಸಲ ಇವ್ರ್ ಮುಖಕ್ಕೆ ಮಂಗಳಾರ್ತಿ ಆಯ್ಲಿ, ಆಗ ಬುದ್ಧಿ ಬತ್ತ್."

ಭಾನುವಾರ ಕೋಣೆ ತುಂಬಿತು. ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತರು, ಮೆಟ್ಟಿಲ ಮೇಲೂ ನಿಂತರು. ಪ್ರತಿಯೊಬ್ಬನ ಮುಖದಲ್ಲೂ ತನ್ನದು ಹೋಗುತ್ತದಲ್ಲ ಎಂಬ ಭಯ, ಉಳಿದವರದ್ದು ಸಿಗುತ್ತದಲ್ಲ ಎಂಬ ಆಸೆ. ತೋರಿಸಬೇಡ ಎಂದು ಬಾಯಿಬಿಟ್ಟು ಹೇಳಿದವನು ಒಬ್ಬನೂ ಇಲ್ಲ. ಮುತ್ತಣ್ಣನೂ ಬಂದಿದ್ದ. ಈ ವರ್ಷ ತನ್ನ ಯಂತ್ರವನ್ನು ಬಿಚ್ಚಿಸದೆ ಒಯ್ದವನು, ಹೋದ ವರ್ಷದ ನಕಲು ಇರಬಹುದೆಂದು ಅವನಿಗೆ ಹೇಗೆ ತಿಳಿಯಬೇಕು? ಬಾಗಿಲ ಹತ್ತಿರ ನಿಂತಿದ್ದ.

ಯತೀಶ ಗೋಡೆಯ ಮೇಲೆ ಪ್ರೊಜೆಕ್ಟರ್ ಬಿಟ್ಟ. ಗಂಗೊಳ್ಳಿಯ ಅಳಿವೆ, ಅದರಾಚೆ ನೀಲಿ ಸಮುದ್ರ. ಒಂದೊಂದು ಬೋಟಿಗೆ ಒಂದೊಂದು ಬಣ್ಣದ ಚುಕ್ಕೆ, ಪಕ್ಕದಲ್ಲಿ ಅದರ ಅಕ್ಷಾಂಶ ರೇಖಾಂಶ. ಕಿಟ್ಟನದ್ದು ಹಾಕಿದ, ಕೆಂಪು ಚುಕ್ಕೆಗಳು ಬಂದವು. ಜಿತೇಂದ್ರನದ್ದು ಹಾಕಿದ, ಕೆಂಪಿನ ಮೇಲೆಯೇ ಹಳದಿ ಕೂತಿತು. ರಾಜೇಂದ್ರನ ಎರಡು ಬೋಟಿನದ್ದೂ ಅಲ್ಲಿಯೇ. ಇನ್ನೊಬ್ಬನದು, ಮತ್ತೊಬ್ಬನದು, ಎಲ್ಲ ಬಣ್ಣಗಳೂ ಅವೇ ಜಾಗಗಳಲ್ಲಿ ರಾಶಿ ಬಿದ್ದವು. ಮೊದಲು ಗುಸುಗುಸು ಎದ್ದಿತು, ಆಮೇಲೆ ಯಾರೋ ಕಿಸಕ್ಕೆಂದರು. ಅಪ್ಪ ಮಕ್ಕಳು, ಅಣ್ಣ ತಮ್ಮಂದಿರು ಮಾತು ಬಿಟ್ಟದ್ದು ಇದಕ್ಕಾಗಿ ಎಂದು ಎಲ್ಲರಿಗೂ ಗೋಡೆಯ ಮೇಲೆ ಕಾಣುತ್ತಿತ್ತು.

"ಕಾಣಿ, ಚಂದ ಮಾಡಿ ಕಾಣಿ!" ಯತೀಶನ ದನಿ ಏರಿತು. "ಇದನ್ನ್ ಕಾಯುಕೆ ಇಷ್ಟ್ ವರ್ಷ ನಿದ್ರೆ ಬಿಟ್ಟದ್ದ್ ನೀವ್! ನನ್ನ್ ಕಳ್ಳ ಅಂದ್ರಿ. ಕದುಕೆ ನಿಮ್ಮತ್ರ ಎಂತ ಇತ್ತ್? ಒಂದಾರೂ ಬ್ಯಾರೆ ಇತ್ತಾ?"

ಹೀಗೆ ಕೇಳುತ್ತಲೇ ಕೊನೆಯ ನಕಲನ್ನು ಹಾಕಿದ. ಅದು ಮುತ್ತಣ್ಣನದ್ದು, ಹಸಿರು. ಹಸಿರು ಚುಕ್ಕೆಗಳೂ ಅದೇ ರಾಶಿಗಳ ಮೇಲೆ ಬಿದ್ದವು. ಒಂದು ಮಾತ್ರ ಬೀಳಲಿಲ್ಲ. ಎಲ್ಲ ಬಣ್ಣಗಳಿಂದ ದೂರ, ತೆಂಕು ದಿಕ್ಕಿನ ಖಾಲಿ ನೀಲಿಯಲ್ಲಿ, ಅದೊಂದೇ ಹಸಿರು ಚುಕ್ಕೆ ನಿಂತಿತು.

ಅಲ್ಲಿ ಕಲ್ಲಿದೆ ಎಂದು ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಈ ಹಸ್ರ್ ಯಾರ್ದ್?" ಎಂದು ರಾಜೇಂದ್ರ ಕೇಳಿದ. ಕೇಳಬೇಕಾಗಿರಲಿಲ್ಲ. ಇನ್ನೂ ಬಣ್ಣ ಸಿಗದೆ ಉಳಿದಿದ್ದವನು ಒಬ್ಬನೇ. ಎಲ್ಲರೂ ಬಾಗಿಲ ಕಡೆ ತಿರುಗಿದರು. ಮುತ್ತಣ್ಣ ಗೋಡೆಯನ್ನೇ ನೋಡುತ್ತಿದ್ದ.

"ಅದ್ ನನ್ ಅಪ್ಪಯ್ಯ ಹೇಳಿ ಕೊಟ್ಟದ್" ಎಂದ. ಯಾರಿಗೆ ಹೇಳಿದನೋ. ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದು ಹೋದ.

ಅಷ್ಟರಲ್ಲಿ ಮೊಬೈಲುಗಳು ಮೇಲೆ ಎದ್ದಿದ್ದವು. ಯತೀಶ ಧಾವಿಸಿ ವಯರು ಕಿತ್ತ. ಗೋಡೆ ಕತ್ತಲಾಯಿತು, ಆದರೆ ಹಿಡಿಯಬೇಕಾದವರೆಲ್ಲ ಫೋಟೋ ಹಿಡಿದಾಗಿತ್ತು. ಮುಂದಿನ ಸಾಲಿನಲ್ಲಿ ಕಿಟ್ಟ ತನ್ನದನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡುತ್ತಿದ್ದ. ಜಿತೇಂದ್ರನ ಚಿತ್ರ ಸರಿ ಬಂದಿರಲಿಲ್ಲ, ಕಿಟ್ಟ ಅವನಿಗೆ ಕಳಿಸಿಕೊಟ್ಟ. ಇದುವರೆಗೆ ಒಬ್ಬರಿಗೊಬ್ಬರು ಏನನ್ನೂ ಕೊಡದಿದ್ದವರು ಮುತ್ತಣ್ಣನದ್ದನ್ನು ಧಾರಾಳವಾಗಿ ಹಂಚಿಕೊಂಡರು.

ಮರುದಿನದಿಂದ ಕೇಂದ್ರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಯತೀಶನಿಂದ ಇನ್ನು ಬಚ್ಚಿಡುವಂಥದ್ದು ಏನೂ ಇಲ್ಲವೆಂದು ಊರಿಗೆ ಧೈರ್ಯ ಬಂದಿತ್ತು. ತಾಯಂದಿರು ಮಕ್ಕಳ ಕೈಹಿಡಿದು ಮೆಟ್ಟಿಲು ಹತ್ತಿದರು, ಹುಡುಗಿಯರು ಕನ್ನಡದಲ್ಲಿ ತಮ್ಮ ಹೆಸರು ಒತ್ತಿ ಕುಣಿದರು, ಜಿಪಿಎಸ್ಸುಗಳು ಕಪಾಟಿಗೆ ಮರಳಿದವು. ರಾಜೇಂದ್ರ ಸಭೆ ಕರೆದು ಯತೀಶನಿಗೆ ಶಾಲು ಹೊದೆಸಿದ, ಊರಿನ ಒಗ್ಗಟ್ಟಿಗೆ ಕಾರಣನಾದವನು ಎಂದು ಹೊಗಳಿದ. ಯತೀಶ ಬಯಸಿದ್ದು ಇದನ್ನೇ, ಕೋಣೆ ತುಂಬಿತ್ತು. ಅವನು ಶಾಲು ಹೊದ್ದು ಕೂತ. ಎದುರಿಗಿದ್ದ ಮುಖಗಳನ್ನು ಕಂಡು ಎಂದಿನಂತೆ ಅಸಹ್ಯವಾಯಿತು. ಆದರೆ ಈ ಸಲ ಆ ಸಾಲಿನಲ್ಲಿ ತನ್ನ ಮುಖವನ್ನೂ ಸೇರಿಸಬೇಕಾಯಿತು. ಇವರೆಲ್ಲ ಕದಿಯಲು ಬಂದು ಬರಿಗೈಲಿ ಹೋದವರು, ತೆರೆದುಕೊಟ್ಟವನು ತಾನು. ಚೇತನಾ ಆ ವಿಷಯ ಎತ್ತಲೇ ಇಲ್ಲ. ಎತ್ತಿ ನಾಲ್ಕು ಮಾತು ಅಂದಿದ್ದರೆ ಒಳ್ಳೆಯದಿತ್ತು ಎಂದು ಅವನಿಗೆ ಅನ್ನಿಸಿತು.

ಆಗಸ್ಟಿನಲ್ಲಿ ನಿಷೇಧ ಮುಗಿದು ಬೋಟುಗಳು ಕಡಲಿಗೆ ಇಳಿದವು. ಅಂಗಡಿಯ ವೈರ್‌ಲೆಸ್ಸಿನಲ್ಲಿ ಬೋಟಿನವರ ಮಾತು ಕೇಳುತ್ತಿತ್ತು. ತೆಂಕಿನ ಕಲ್ಲಿನ ಹತ್ತಿರ ಯಾರು ಮೊದಲು ಬಂದದ್ದು ಎಂದು ಕಿಟ್ಟನಿಗೂ ಜಿತೇಂದ್ರನಿಗೂ ಜಗಳ ಹತ್ತಿತ್ತು, ರಾಜೇಂದ್ರನ ಎರಡೂ ಬೋಟುಗಳು ಅಲ್ಲೇ ಇದ್ದವು. ಯತೀಶ ವೈರ್‌ಲೆಸ್ಸನ್ನು ಆರಿಸಿದ.

ಕೆಲವು ದಿನ ಕಳೆದು ಮುತ್ತಣ್ಣ ಅಂಗಡಿಗೆ ಬಂದ. ಟವೆಲು ಬಿಚ್ಚಿ ಜಿಪಿಎಸ್ಸನ್ನು ಮೇಜಿನ ಮೇಲಿಟ್ಟ. ಯತೀಶ ಎದ್ದು ತನ್ನ ಸ್ಟೂಲನ್ನು ಅವನ ಕಡೆ ಸರಿಸಿದ. ಮುತ್ತಣ್ಣ ಕೂರಲಿಲ್ಲ.

"ಇದ್ರಗೆ ಇಪ್ಪುದನ್ನೆಲ್ಲ ಅಳ್ಸಿ ಕೊಡ್."

"ಮುತ್ತಣ್ಣ, ನನ್ನಿಂದ ತಪ್ಪಾಯ್ತ್" ಎಂದ ಯತೀಶ. ಅವನ ಬಾಯಿಂದ ಆ ಮಾತನ್ನು ಬಂದರಿನಲ್ಲಿ ಯಾರೂ ಕೇಳಿರಲಿಲ್ಲ. ಮುತ್ತಣ್ಣ ಯಂತ್ರವನ್ನು ಅವನ ಕಡೆ ತಳ್ಳಿದ. "ಅಳ್ಸಿರೆ ಆ ಕಲ್ಲ್ ಹ್ಯಾಂಗೆ ಸಿಕ್ಕುದ್ ಮುತ್ತಣ್ಣ?"

"ಅದಕ್ಕೆ ಮಿಷನ್ ಎಂತಕ್ಕೆ ಮಾರಾಯ? ಅಲ್ಲಿ ಅಷ್ಟ್ ಬೋಟ್ ನಿಂತಿರತ್ತಲೆ. ಕಲ್ಲ್ ಎಲ್ಲಿತ್ತಂದ್ ದೂರದಿಂದ್ಲೇ ಕಾಂತ್ತ್."

ಯತೀಶ ಯಂತ್ರ ಹಾಕಿ ಅಳಿಸುವ ಜಾಗದ ತನಕ ಹೋದ. ಎಲ್ಲವನ್ನೂ ಅಳಿಸಲೇ ಎಂದು ಅದು ಕೇಳಿತು. ಅವನ ಕೈ ಮುಂದೆ ಹೋಗಲಿಲ್ಲ. ಮುತ್ತಣ್ಣ ಮೇಜಿನ ಮೇಲೆ ಬಗ್ಗಿದ.

"ಯಾವ್ದ್ ಒತ್ತುದ್?"

ಯತೀಶ ತೋರಿಸಿದ. ಮುತ್ತಣ್ಣ ಒತ್ತಿದ.